ಬಸುರಿಯ ಹಲ್ಲುನೋವು ಹೆರಿಗೆಯವರೆಗೆ ಕಾಯಬೇಕೇ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ನನ್ನ ದಂತ ಚಿಕಿತ್ಸಾಲಯಕ್ಕೆ ಬರುವ ಗರ್ಭಿಣಿಯರ ಮನೆಮಾತು ಕನ್ನಡವಿರಲಿ, ತುಳುವಿರಲಿ, ಮಲಯಾಳವಿರಲಿ, ಜತೆಗೆ ಬಂದ ಹಿರಿಯರು ಹೇಳುವುದು ಒಂದೇ: "ಈಗ ಏನೂ ಮಾಡುವುದು ಬೇಡ ಡಾಕ್ಟ್ರೇ, ನೋವಿಗೊಂದು ಮಾತ್ರೆ ಕೊಡಿ, ಹೆರಿಗೆ ಆದ ಮೇಲೆ ನೋಡುವ." ಕಾಳಜಿಯಿಂದಲೇ ಹುಟ್ಟಿದ ಈ ಮಾತು, ನಾನು ಕಂಡ ತಪ್ಪು ತಿಳಿವಳಿಕೆಗಳಲ್ಲೆಲ್ಲ ಹೆಚ್ಚು ತೊಂದರೆ ಕೊಡುವಂಥದ್ದು. ಚಿಕಿತ್ಸೆಗೆ ಹೆದರುವವರು ಮಾತ್ರೆಗೆ ಹೆದರುವುದಿಲ್ಲ. ಮನೆಯಲ್ಲಿ ಉಳಿದಿದ್ದ ಐಬುಪ್ರೊಫೇನ್ ಅಥವಾ ಡೈಕ್ಲೊಫೆನಾಕನ್ನು 20 ವಾರ ಕಳೆದ ಗರ್ಭಿಣಿ ನುಂಗಿದರೆ ಶಿಶುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಗರ್ಭಜಲ ಕಡಿಮೆಯಾಗಬಹುದು. ಕೊನೆಯ ತಿಂಗಳುಗಳಲ್ಲಿ ಶಿಶುವಿನ ಹೃದಯದ ಬಳಿಯ ರಕ್ತನಾಳವೊಂದು ಅವಧಿಗೆ ಮೊದಲೇ ಮುಚ್ಚಿಕೊಳ್ಳುವ ಭಯವೂ ಇದೆ. ನಾನು ಬರೆದುಕೊಡುವುದು ಪ್ಯಾರಾಸಿಟಮಾಲ್. ಸೋಂಕು ಹರಡುತ್ತಿದ್ದು, ಪೆನ್ಸಿಲಿನ್ ಅಲರ್ಜಿ ಇಲ್ಲದಿದ್ದರೆ ಅಮಾಕ್ಸಿಸಿಲಿನ್. ಸೋಂಕಿಗೇ ಕೊಡುವ ಟೆಟ್ರಾಸೈಕ್ಲಿನ್ ಮಗುವಿನ ಹಲ್ಲಿನ ಬಣ್ಣ ಕೆಡಿಸುವುದರಿಂದ ಅದರ ಗೊಡವೆಗೇ ಹೋಗುವುದಿಲ್ಲ.

ಆದರೆ ಹಲ್ಲಿನೊಳಗೆ ಕೀವು ತುಂಬಿರುವಾಗ ಮಾತ್ರೆಯಿಂದ ಅದು ಗುಣವಾಗದು. ಏಳು ತಿಂಗಳಾಗಿದ್ದ ಒಬ್ಬರು ಕೆನ್ನೆ ಊದಿಸಿಕೊಂಡು, ಅನ್ನ ಅಗಿಯಲಾಗದೆ ಗಂಜಿ ತಿಳಿಯಲ್ಲೇ ದಿನ ಕಳೆಯುತ್ತ ಬಂದಿದ್ದರು. ಎಕ್ಸ್‌ರೇ ಎಂದೊಡನೆ ಅವರ ಅತ್ತೆ ಎದ್ದು ನಿಂತರು. ಅಂಥವರ ಕೈಗೆ ನಾನು ಮೊದಲು ಕಿರಣ ತಡೆಯುವ ಸೀಸದ ಹೊದಿಕೆಯನ್ನೇ ಕೊಡುತ್ತೇನೆ. ಅದರ ಭಾರ ಅರಿವಾದ ಮೇಲೆ ಮಾತು ಮುಂದುವರಿಸುವುದು ಸುಲಭ. ನಿಜವಾಗಿ ನೋಡಿದರೆ, ಕಿರಣವು ಹಲ್ಲಿನತ್ತ ಮಾತ್ರ ಹೋಗುವುದರಿಂದ ಹೊದಿಕೆಯಿಲ್ಲದೆಯೂ ಗರ್ಭಕ್ಕೆ ತಲುಪುವ ಪ್ರಮಾಣ ನಗಣ್ಯ. ಹಲ್ಲಿನ ಎಕ್ಸ್‌ರೇ ಮತ್ತು ಮರಗಟ್ಟಿಸುವ ಚುಚ್ಚುಮದ್ದು ಗರ್ಭಿಣಿಯರಿಗೆ ಸುರಕ್ಷಿತವೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಘವೂ 2013ರಲ್ಲಿ ಹೇಳಿದೆ. ಮರಗಟ್ಟಿಸುವ ಲಿಗ್ನೊಕೇನ್ ಕೊಟ್ಟು ಹಲ್ಲು ತೆರೆದು ಕೀವು ಹೊರಬಿಟ್ಟೆ. ಅವರು ಕುರ್ಚಿಯಲ್ಲಿದ್ದಷ್ಟು ಹೊತ್ತು ಬಲ ಸೊಂಟದಡಿಗೆ ದಿಂಬು ಕೊಟ್ಟು ಎಡಕ್ಕೆ ತುಸು ವಾಲಿಸಿದ್ದೆ, ಏಕೆಂದರೆ ತುಂಬಿದ ಗರ್ಭಿಣಿ ಅಂಗಾತ ಮಲಗಿದರೆ ಗರ್ಭದ ಭಾರ ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುತ್ತದೆ.

ಒಸಡಿನ ವಿಷಯ ಬೇರೆ. ಹಾರ್ಮೋನುಗಳ ಏರಿಕೆಯಿಂದ ಒಸಡು ಅಲ್ಪ ಕೊಳೆಗೂ ಊದಿಕೊಂಡು ರಕ್ತ ಸುರಿಸುತ್ತದೆ. ರಕ್ತ ಕಂಡು ಹಲ್ಲುಜ್ಜುವುದನ್ನೇ ಬಿಟ್ಟವರಿಗೆ ಮೃದುವಾದ ಬ್ರಷ್ ಹಿಡಿಸಿ, ಇನ್ನಷ್ಟು ಚೆನ್ನಾಗಿ ಉಜ್ಜಬೇಕೆಂದು ಒಪ್ಪಿಸುವುದೇ ಕಷ್ಟ. ಒಸಡಿನ ರೋಗಕ್ಕೂ ಅವಧಿಪೂರ್ವ ಹೆರಿಗೆಗೂ ನಂಟಿದೆ ಎಂದು ಕೆಲವರು ಹೆದರಿಸುತ್ತಾರೆ. ನಂಟು ಕಂಡುಬಂದಿರುವುದು ಹೌದಾದರೂ ಒಸಡು ಶುಚಿಗೊಳಿಸಿದರೆ ಅಂಥ ಹೆರಿಗೆ ತಪ್ಪುತ್ತದೆಂದು ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ, ಆದ್ದರಿಂದ ನಾನು ಆ ಭರವಸೆ ಕೊಡುವುದಿಲ್ಲ. ಶುಚಿಗೊಳಿಸುವುದರಿಂದ ಗರ್ಭಕ್ಕೆ ಕೆಡುಕಿಲ್ಲ ಎಂಬುದನ್ನಂತೂ ಅವೇ ಅಧ್ಯಯನಗಳು ತೋರಿಸಿವೆ.

ಮಗು ತಾಯಿಯ ಹಲ್ಲಿನ ಸುಣ್ಣ ಹೀರಿಕೊಳ್ಳುತ್ತದೆ, ಒಂದು ಹೆರಿಗೆಗೆ ಒಂದು ಹಲ್ಲು ಹೋಗುತ್ತದೆ ಎಂಬ ನಂಬಿಕೆಯೂ ಗಟ್ಟಿಯಾಗಿದೆ. ಕ್ಯಾಲ್ಸಿಯಂ ಆಹಾರದಿಂದ, ಸಾಲದಿದ್ದರೆ ಮೂಳೆಯಿಂದ ಹೋಗುತ್ತದೆಯೇ ಹೊರತು ಹಲ್ಲಿನಿಂದಲ್ಲ. ಹಲ್ಲು ಕೆಡುವುದು ಆಗಾಗ ತಿನ್ನುವ ಸಿಹಿಯಿಂದ, ಪೇಸ್ಟಿನ ವಾಸನೆಗೆ ಹೇಸಿ ಉಜ್ಜದಿರುವುದರಿಂದ, ಮತ್ತು ವಾಂತಿಯ ಆಮ್ಲದಿಂದ. ವಾಂತಿಯಾದ ಕೂಡಲೇ ಹಲ್ಲುಜ್ಜಿದರೆ, ಅದರಲ್ಲೂ ಭತ್ತದ ಉಮಿ ಸುಟ್ಟ ಮಸಿಯಿಂದ ಉಜ್ಜಿದರೆ, ಮೆತ್ತಗಾದ ಹೊರಪದರ ಸವೆದೇ ಹೋಗುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಹಿಡಿಯಲು ಹೇಳುತ್ತೇನೆ.

ತುರ್ತು ಚಿಕಿತ್ಸೆಗೆ ತಿಂಗಳು ನೋಡುವುದಿಲ್ಲ. ರಕ್ತದೊತ್ತಡ ಅಥವಾ ರಕ್ತಸ್ರಾವದ ತೊಂದರೆಯಿದ್ದರೆ ಅವರನ್ನು ನೋಡುತ್ತಿರುವ ಪ್ರಸೂತಿ ವೈದ್ಯರಿಗೆ ಫೋನ್ ಮಾಡಿ ಮುಂದುವರಿಯುತ್ತೇನೆ. ಉಳಿದ ಹುಳುಕು ತುಂಬಿಸುವ ಕೆಲಸಕ್ಕೆ 14ರಿಂದ 20 ವಾರಗಳ ನಡುವಣ ಕಾಲ ಅನುಕೂಲ. ಸೀಮಂತ ಮುಗಿಸಿ ತವರಿಗೆ ಹೋದವರು ಬಾಣಂತನ ಕಳೆದು, ಮಗುವನ್ನು ಬಿಟ್ಟು ಬರುವಂತಾಗುವಾಗ ವರ್ಷವೇ ಉರುಳಿರುತ್ತದೆ. ಹಾಗಾಗಿ ಸೀಮಂತದ ದಿನ ಗೊತ್ತಾಗಿದೆಯೇ ಎಂದು ಮೊದಲ ಭೇಟಿಯಲ್ಲೇ ಕೇಳಿ, ಅದಕ್ಕೆ ಮುಂಚಿನ ಯಾವುದಾದರೊಂದು ದಿನವನ್ನೇ ಚಿಕಿತ್ಸೆಗೆ ಬರೆದುಕೊಡುತ್ತೇನೆ.