ಮಳೆಗಾಲಕ್ಕೆ ನಾಲ್ಕು ನಿಮಿಷದ ಕಸರತ್ತು: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದರೆ ವಾಕಿಂಗ್ ಮುಗಿದ ಹಾಗೆಯೇ. ಕೊಡೆ ಹಿಡಿದು ರತ್ನಗಿರಿ ಬೋರೆವರೆಗೆ ಹೋಗಿ ಬರಬಹುದು, ಆದರೆ ನೆನೆದ ಶೂ ಒಣಗಬೇಕಲ್ವಾ? ಹಾಗಾಗಿ ಜೂನ್‌ನಿಂದ ನಾನು ಮನೆಯ ಹಾಲ್‌ನಲ್ಲೇ ಟಬಾಟ ಮಾಡುತ್ತೇನೆ. 20 ಸೆಕೆಂಡ್ ಜೀವ ಹೋಗುವಷ್ಟು ಕಸರತ್ತು, 10 ಸೆಕೆಂಡ್ ಬಿಡುವು, ಹೀಗೆ ಎಂಟು ಸಲ. ಒಟ್ಟು ನಾಲ್ಕು ನಿಮಿಷ.

ಬಸ್ಕಿ, ನಿಂತಲ್ಲೇ ಓಟ, ದಂಡ, ಮೌಂಟೇನ್ ಕ್ಲೈಂಬರ್ (ದಂಡದ ಹಾಗೆ ಕೈಯೂರಿ, ಮಂಡಿಗಳನ್ನು ಒಂದಾದ ಮೇಲೊಂದು ಎದೆಯ ಕಡೆ ಎಳೆಯುವುದು). ಈ ನಾಲ್ಕನ್ನೇ ಎರಡು ಸುತ್ತು. ಮೊದಲೆರಡು ಸಲ ‘ಇಷ್ಟೇನಾ’ ಅನಿಸುತ್ತದೆ. ಐದನೆಯದಕ್ಕೆ ತೊಡೆ ಉರಿಯುತ್ತದೆ. ಆಮೇಲೆ ಮುಖದ ಬೆವರು ಒರೆಸುವಷ್ಟರಲ್ಲಿ ಮೊಬೈಲ್ ಟೈಮರ್ ಮತ್ತೆ ಕೂಗುತ್ತದೆ. ಮುಗಿದ ಮೇಲೆ ಮನೆಯವರು ಏನಾದರೂ ಕೇಳಿದರೆ ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳೋಕೆ ಆಗಬಾರದು. ಆರಾಮಾಗಿ ಮಾತು ಬಂದರೆ ಅದು ಸುಮ್ನೆ ಕೈಕಾಲು ಆಡಿಸಿದ್ದು ಅಷ್ಟೇ.

ನಮ್ಮದು ರೆಡ್ ಆಕ್ಸೈಡ್ ನೆಲ, ಮಳೆಗಾಲದಲ್ಲಿ ಬೆವರುತ್ತದೆ. ಜಮಖಾನ ಹಾಸಿದರೆ ಅದೂ ಜಾರುತ್ತದೆ. ರಬ್ಬರ್ ಮ್ಯಾಟ್ ಬೇಕೇ ಬೇಕು.

ನಾಲ್ಕೇ ನಿಮಿಷ ಸಾಕು ಅನ್ನುವವರು ಮೂಲ ಪ್ರಯೋಗದ ಅರ್ಧ ಕಥೆ ಮಾತ್ರ ಹೇಳುತ್ತಾರೆ. ಜಪಾನಿನ ಇಜುಮಿ ಟಬಾಟ ಮತ್ತು ಜೊತೆಗಾರರು 1996ರಲ್ಲಿ ಅದನ್ನು ಪ್ರಕಟಿಸಿದರು. ಅವರು ಮಾಡಿಸಿದ್ದು ಸೈಕಲ್ ಯಂತ್ರದ ಮೇಲೆ, ದೇಹ ಗಟ್ಟಿಯಿದ್ದ ಯುವಕರಿಂದ, ವಾರಕ್ಕೆ ಐದು ದಿನ, ಆರು ವಾರ. ಮೊದಲು ಹತ್ತು ನಿಮಿಷ ವಾರ್ಮ್‌ಅಪ್ ಬೇರೆ. ಐದರಲ್ಲಿ ಒಂದು ದಿನ ಅರ್ಧ ಗಂಟೆ ಹದವಾದ ಸೈಕ್ಲಿಂಗ್ ಕೂಡ ಇತ್ತು! ಫಲ ಚೆನ್ನಾಗಿಯೇ ಬಂತು, ದೇಹ ಆಮ್ಲಜನಕ ಬಳಸುವ ಶಕ್ತಿಯೂ ಹೆಚ್ಚಿತು, ದಮ್ಮು ಕಟ್ಟಿ ದುಡಿಯುವ ಶಕ್ತಿಯೂ ಹೆಚ್ಚಿತು. ಆದರೆ ನಮ್ಮ ನಿಮ್ಮ ಬಸ್ಕಿ ಆ ಮಟ್ಟ ಮುಟ್ಟುವುದು ಕಷ್ಟ. ಹಾಗಾಗಿ ನಾನು ಮಧ್ಯೆ ಎರಡು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸಲ ಮಾಡುತ್ತೇನೆ. ವಾರ್ಮ್‌ಅಪ್ ಸೇರಿ ಇಪ್ಪತ್ತು ನಿಮಿಷ, ದಿನ ಬಿಟ್ಟು ದಿನ.

ನನಗೆ ಏನು ಸಿಕ್ಕಿತು? ದಮ್ಮು ಸಿಕ್ಕಿತು. ಮಳೆ ನಿಂತ ಮೇಲೆ ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿದಾಗ ಉಸಿರು ಕೈಕೊಡಲಿಲ್ಲ. ಇಳಿಯುವಾಗ ಮಾತ್ರ ತೊಡೆ ನಡುಗಿತು, ಮಾರನೇ ದಿನ ಮೆಟ್ಟಿಲು ಇಳಿಯೋಕೂ ಗೋಡೆ ಹಿಡಿಯಬೇಕಾಯಿತು. ಗಂಟೆಗಟ್ಟಲೆ ಇಳಿಜಾರಿನಲ್ಲಿ ಮೈಭಾರ ತಡೆದು ನಿಲ್ಲಿಸುವ ಅಭ್ಯಾಸ ಕಾಲಿಗೆ ಹಾಲ್‌ನಲ್ಲಿ ಸಿಗುವುದಿಲ್ಲ. ತೂಕವೂ ಹೆಚ್ಚೇನೂ ಇಳಿಯಲಿಲ್ಲ. ಮಳೆ, ಬಿಸಿ ಬೋಂಡ, ಕಾಫಿ ಜೊತೆಗಿರುವಾಗ ಎಂಟು ನಿಮಿಷ ಏನು ಮಾಡೀತು? ಸಂಜೆಯ ಕರಿದ ತಿಂಡಿ ಕಮ್ಮಿ ಮಾಡಿದ ಮೇಲೆಯೇ ಪ್ಯಾಂಟು ಸಡಿಲವಾಗಿದ್ದು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಹದವಾದ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷ ಜೋರಾದದ್ದು. ನನ್ನ ಟಬಾಟ ಒಂದೇ ಆದರೆ ಈ ಲೆಕ್ಕ ತುಂಬುವುದಿಲ್ಲ. ಅದಕ್ಕೇ ಮಳೆ ಬಿಡುವು ಕೊಟ್ಟ ದಿನ ನಡೆಯುತ್ತೇನೆ.

ಬಿಪಿ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ನಮ್ಮಮ್ಮನಿಗೂ ಬಿಪಿ ಇದೆ, ಅವರದು ಬೇರೆ ಪದ್ಧತಿ. ಕೈ ಆಸರೆ ಇಲ್ಲದೆ ಕುರ್ಚಿಯಿಂದ ನಿಧಾನ ಎದ್ದು ಕೂರುವುದು, ಹತ್ತು ಸಲ. ಮಧ್ಯೆ ಪಕ್ಕದ ಮನೆಯವರ ಜೊತೆ ಕಿಟಕಿಯಲ್ಲೇ ಮಾತು ಬೇರೆ.