ಹೊಲದಲ್ಲಿ ಸಿಕ್ಕ ಕರಿಕಲ್ಲು ಉಲ್ಕಾಶಿಲೆಯೇ?

"ಅಯಸ್ಕಾಂತ ಅಂಟಿತು, ಅಂದಮೇಲೆ ಇದು ಉಲ್ಕೆಯೇ." ಕಲ್ಲು ಹಿಡಿದು ಬರುವವರು ಹೇಳುವ ಮೊದಲ ಮಾತೇ ಇದು. ಎಡವುವುದೂ ಇಲ್ಲೇ. ಕುದುರೆಮುಖದ ಅದಿರಿಗೂ ಅಯಸ್ಕಾಂತ ಅಂಟುತ್ತದೆ. ಹಳೇ ಕುಲುಮೆಯ ಬಳಿ ಬಿದ್ದಿರುವ ಕಬ್ಬಿಣದ ಕಿಟ್ಟಕ್ಕೂ ಅಂಟಬಹುದು.

ಮೊದಲು ಕಣ್ಣಲ್ಲಿ ನೋಡಿ. ಮೈತುಂಬ ಗುಳ್ಳೆ ಒಡೆದಂಥ ತೂತುಗಳಿದ್ದರೆ ಅದು ಕಿಟ್ಟವೋ ಜ್ವಾಲಾಮುಖಿಯ ಕಲ್ಲೋ ಇರಬೇಕು, ಅಲ್ಲಿಗೇ ಬಿಡಿ. ಹೊಸದಾಗಿ ಬಿದ್ದ ಉಲ್ಕಾಶಿಲೆಗೆ ಒಂದು ಮಿಲಿಮೀಟರಿಗಿಂತ ತೆಳುವಾದ ಕಪ್ಪು ಸಿಪ್ಪೆ ಇರುತ್ತದೆ. ಸಿಪ್ಪೆ ಎದ್ದ ಕಡೆ ಒಳಗೆ ಸಾಮಾನ್ಯವಾಗಿ ಬೂದು ಬಣ್ಣ.

ಆಮೇಲೆ ಅಯಸ್ಕಾಂತ. ದಾರಕ್ಕೆ ಕಟ್ಟಿದ ಫ್ರಿಜ್ ಅಯಸ್ಕಾಂತ ಹತ್ತಿರ ತಂದು, ಅದು ಕಲ್ಲಿನತ್ತ ವಾಲುತ್ತದೆಯೇ ನೋಡಿದರೆ ಸಾಕು. ಆನ್‌ಲೈನ್‌ನಲ್ಲಿ ಸಿಗುವ ಬಲವಾದ ನಿಯೋಡಿಮಿಯಂ ಅಯಸ್ಕಾಂತ ಖಂಡಿತ ಬೇಡ. ಕಲ್ಲಿನೊಳಗೆ ಉಳಿದಿರುವ ಹಳೆಯ ಕಾಂತದ ಗುರುತನ್ನು ಅದು ಅಳಿಸಿಬಿಡುತ್ತದೆ. ವಿಜ್ಞಾನಿಗಳಿಗೆ ಆ ಗುರುತು ಬೇಕು.

ಈಗ ಗೆರೆ ಪರೀಕ್ಷೆ. ಪಿಂಗಾಣಿ ಕಪ್ಪಿನ ತಳದಲ್ಲಿ ಹೊಳಪಿಲ್ಲದ ಬಿಳಿ ಅಂಚು ಇರುತ್ತದಲ್ವಾ, ಅದರ ಮೇಲೆ ಕಲ್ಲಿನ ಒಂದು ಮೂಲೆ ಉಜ್ಜಿ. ಟೈಲ್‌ನ ಹಿಂಬದಿಯೂ ಆಗುತ್ತದೆ, ಆದರೆ ಕೆಂಪು ಮಣ್ಣಿನದ್ದಾದರೆ ಪ್ರಯೋಜನವಿಲ್ಲ. ಕೆಂಪು ಗೆರೆ ಬಂದರೆ ಹೆಮಟೈಟ್, ಸಂಡೂರು ಕಡೆಯ ಅದಿರು. ದಟ್ಟ ಕಪ್ಪು ಬಂದರೆ ಮ್ಯಾಗ್ನಟೈಟ್, ಕುದುರೆಮುಖ ಕಡೆಯ ಅದಿರು. ಉಲ್ಕಾಶಿಲೆ ಗೆರೆ ಬಿಡುವುದೇ ಕಡಿಮೆ, ಬಿಟ್ಟರೂ ಮಾಸಲು ಬೂದು. ತುಕ್ಕು ಹಿಡಿದ ಜಾಗ ಉಜ್ಜಬೇಡಿ, ಸುಮ್ನೆ ಕಂದು ಗೆರೆ ಬಂದು ದಾರಿ ತಪ್ಪಿಸುತ್ತದೆ.

ಗೆರೆ ಬರದಿದ್ದರೆ, ಅಥವಾ ಮಾಸಲು ಬೂದು ಬಂದರೆ, ತೂಕ. ನನಗೆ ಜಾಸ್ತಿ ನಂಬಿಕೆ ಇರುವುದು ಇದರ ಮೇಲೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಣಕಲ್ಲು ತೂಗಿ ಬರೆದಿಡಿ. ನೀರಿನ ಪಾತ್ರೆ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಕಲ್ಲನ್ನು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ, ತಳಕ್ಕೂ ಗೋಡೆಗೂ ತಾಗಬಾರದು. ತಾಗಿದರೆ ಲೆಕ್ಕ ಕೆಟ್ಟಿತು. ಈಗ ಕಾಣುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. ಕಲ್ಲು 350 ಗ್ರಾಂ, ನೀರಲ್ಲಿ 100 ತೋರಿಸಿತು ಅನ್ನಿ, ಉತ್ತರ 3.5. ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಮೂರೂವರೆ ಪಟ್ಟು ಭಾರ. ಗ್ರಾನೈಟಿಗೆ 2.7ರ ಆಸುಪಾಸು ಬರುತ್ತದೆ. ಕಬ್ಬಿಣದ ಅದಿರು 5 ಮುಟ್ಟಬಹುದು. ಸಾಮಾನ್ಯ ಕಲ್ಲುಲ್ಕೆ 3.2ರಿಂದ 3.8, ಕಬ್ಬಿಣದ ಉಲ್ಕೆ 7ರ ಮೇಲೆ. ಕಣ್ಣೆದುರೇ ಬಿದ್ದ ಕಲ್ಲಾದರೆ ಮಾತ್ರ ನೀರಿಗೆ ಹಾಕಲೇಬೇಡಿ, ಹಾಳಾಗುತ್ತದೆ.

ಎಲ್ಲ ದಾಟಿದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ತಿಳಿಸಿ. 1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯಲ್ಲಿ ಬಿದ್ದ ಉಲ್ಕೆಗಳು ಇಂದಿಗೂ ದಾಖಲೆಯಲ್ಲಿವೆ. ಒಡೆಯಬೇಡಿ, ಆಸಿಡ್ ಹಚ್ಚಬೇಡಿ. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿಡಿ, ಸಿಕ್ಕ ಜಾಗದ ಫೋಟೊ ತೆಗೆದು ದಿನಾಂಕ ಬರೆದಿಡಿ.