ಹಂದಿ ಮರಿಯ ಬೀಜ ಬೆಳೆಯುವುದನ್ನು ಜೀನ್ ಹಿಡಿದು ಓದುವುದು ಹೇಗೆ?

ಹಂದಿ ಸಾಕುವವರಲ್ಲಿ ಹೆಚ್ಚಿನವರು ಗಂಡು ಮರಿಯ ಬೀಜವನ್ನು, ಅಂದರೆ ವೃಷಣವನ್ನು, ಮೊದಲ ಒಂದೆರಡು ವಾರದಲ್ಲೇ ತೆಗೆಸಿಬಿಡುತ್ತಾರೆ. ಕಾರಣ ಅಡುಗೆಮನೆಯದ್ದು. ಬಲಿತ ಗಂಡು ಹಂದಿಯ ಮಾಂಸ ಬಾಣಲೆಗೆ ಬಿದ್ದರೆ ಮೂತ್ರದ ಥರ ಗಬ್ಬು ವಾಸನೆ ಏಳಬಹುದು. ಇದಕ್ಕೆ ಮುಖ್ಯ ಕಾರಣ ಎರಡು ವಸ್ತುಗಳು. ಸ್ಕಟೋಲ್ ಕರುಳಿನಲ್ಲಿ ಹುಟ್ಟುತ್ತದೆ, ಆಂಡ್ರೊಸ್ಟೆನೋನ್ ವೃಷಣದಲ್ಲಿ. ಕತ್ತರಿಸಿ ಬಿಸಾಡುವ ಆ ಬೀಜವೇ ಲ್ಯಾಬ್‌ನವರಿಗೆ ಚಿನ್ನ. ವೃಷಣ ಬೆಳೆಯುವಾಗ ಯಾವ ಜೀನ್ ಯಾವಾಗ ಎಚ್ಚರವಾಗುತ್ತದೆ, ಯಾವ ಪ್ರೋಟೀನ್ ಯಾವಾಗ ತಯಾರಾಗುತ್ತದೆ ಎಂದು ಅದರಲ್ಲೇ ಓದಬಹುದು.

ಮೊದಲು ವಯಸ್ಸು ಆರಿಸಿ. ಹಂದಿಯ ಗರ್ಭ ಸುಮಾರು 114 ದಿನದ್ದು. ನಾಲ್ಕನೇ ವಾರದ ಹೊತ್ತಿಗೆ ವೈ ಕ್ರೋಮೋಸೋಮ್‌ನ ಎಸ್‌ಆರ್‌ವೈ ಜೀನ್ ಕೆಲಸ ಶುರು ಮಾಡಿ ಎಸ್‌ಒಎಕ್ಸ್9 ಎಂಬ ಇನ್ನೊಂದು ಜೀನ್ ಅನ್ನು ಎಬ್ಬಿಸುತ್ತದೆ. ಆಮೇಲೆ ಎಎಮ್‌ಎಚ್ ಎಂಬ ಹಾರ್ಮೋನ್ ಬಂದು, ಗರ್ಭಕೋಶವಾಗಬೇಕಿದ್ದ ನಾಳವನ್ನು ಕರಗಿಸುತ್ತದೆ. ಹುಟ್ಟಿದ ಮೇಲೆ ಒಂದು ವಾರ, ಒಂದು ತಿಂಗಳು, ಮೂರೂವರೆ ತಿಂಗಳು, ಆರು ತಿಂಗಳು ಎಂದು ಇಟ್ಟುಕೊಳ್ಳಿ. ಸುಮ್ನೆ ಹೇಳಿದ ಲೆಕ್ಕ ಅಲ್ಲ ಇದು. ವೀರ್ಯಾಣುಗಳನ್ನು ಸಾಕುವ ಸರ್ಟೋಲಿ ಕೋಶಗಳು ಹಂದಿಯಲ್ಲಿ ಎರಡು ಸಲ ಜೋರಾಗಿ ಹೆಚ್ಚುತ್ತವೆ: ಹುಟ್ಟಿದ ಮೊದಲ ತಿಂಗಳು, ಮತ್ತೆ ಮೂರು ನಾಲ್ಕು ತಿಂಗಳ ಹೊತ್ತಿಗೆ. ಆಮೇಲೆ ನಿಂತುಬಿಡುತ್ತವೆ. ಒಂದೊಂದು ಸರ್ಟೋಲಿ ಕೋಶ ಸಾಕುವ ಮರಿ ಕೋಶಗಳಿಗೆ ಮಿತಿ ಇದೆ. ಹಾಗಾಗಿ ಹಂದಿ ಮುಂದೆ ಎಷ್ಟು ವೀರ್ಯ ಕೊಡುತ್ತದೆ ಎನ್ನುವುದು ಬಹುಪಾಲು ಆಗಲೇ ತೀರ್ಮಾನವಾಗಿರುತ್ತದೆ. ತಳಿಯನ್ನೂ ನೋಡಿ. ಯುರೋಪಿನ ತಳಿಗಳು ಐದಾರು ತಿಂಗಳಿಗೆ ಪ್ರಾಯಕ್ಕೆ ಬಂದರೆ, ಚೀನಾದ ಮೈಶಾನ್ ಮೂರು ತಿಂಗಳ ಹೊತ್ತಿಗೇ ರೆಡಿ.

ಇನ್ನು ಮಾದರಿ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಕೈಯಲ್ಲಿರಲಿ. ಬೀಜ ಹೊರಬಂದ ಕೂಡಲೇ ಮೂರು ತುಂಡು ಮಾಡಿ. ಎರಡನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಹಾಕಿ, ಒಂದು ಆರ್‌ಎನ್‌ಎಗೆ, ಇನ್ನೊಂದು ಪ್ರೋಟೀನ್‌ಗೆ. ಜೀನ್ ಎಚ್ಚರವಾದಾಗ ಬರೆಯುವ ನಕಲು ಚೀಟಿಯೇ ಆರ್‌ಎನ್‌ಎ, ಬಲು ನಾಜೂಕು. ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಕಿಣ್ವವೇ ಅದನ್ನು ತಿಂದುಹಾಕುತ್ತದೆ. ಮೂರನೆಯದು, ಮೈಕ್ರೋಸ್ಕೋಪ್‌ನಲ್ಲಿ ನೋಡಲು, ಕೋಶಗಳು ಕೆಡದಂತೆ ಇಡುವ ಬುಯಿನ್ ದ್ರಾವಣಕ್ಕೆ. ಅದರಲ್ಲಿರುವ ಪಿಕ್ರಿಕ್ ಆಮ್ಲ ತುಂಡನ್ನೂ ನಿಮ್ಮ ಬೆರಳನ್ನೂ ಅರಿಶಿನ ಬಳಿದಂತೆ ಮಾಡುತ್ತದೆ, ಗ್ಲೌಸ್ ಮರೆಯಬೇಡಿ.

ಈಗ ಎಲ್ಲರಿಗೂ ಜೀನ್ ಎಣಿಸುವ ಆತುರ. ತಡೆಯಿರಿ. ಮೊದಲು ಮೈಕ್ರೋಸ್ಕೋಪ್‌ನಲ್ಲಿ ನೋಡಿ. ವಾರದ ಮರಿಯಲ್ಲಿ ಮುಂದೆ ವೀರ್ಯಾಣು ಹುಟ್ಟುವ ನಾಳಗಳು ಇನ್ನೂ ಟೊಳ್ಳಾಗಿಲ್ಲ, ಗಟ್ಟಿ ದಾರದ ಹಾಗಿವೆ. ಅಂಚಿನಲ್ಲಿ ಸರ್ಟೋಲಿ ಕೋಶಗಳ ಸಾಲು. ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡ ದುಂಡನೆ ಕೋಶ, ಗೋನೋಸೈಟ್, ಅಂದರೆ ಮುಂದೆ ವೀರ್ಯಾಣುಗಳಿಗೆ ಮೂಲವಾಗುವ ಕೋಶ. ಅವು ನಿಧಾನವಾಗಿ ಅಂಚಿಗೆ ಸರಿದು ಕೂರುತ್ತವೆ. ಆರು ತಿಂಗಳ ಹಂದಿಯಲ್ಲಿ ನೋಟವೇ ಬೇರೆ. ನಡುವೆ ಪೊಳ್ಳು, ಸುತ್ತ ಪದರ ಪದರವಾಗಿ ಕೋಶಗಳು, ಒಳಅಂಚಿನಲ್ಲಿ ಬಾಲ ಬಿಟ್ಟ ವೀರ್ಯಾಣುಗಳು.

ಈ ಎರಡು ಚಿತ್ರ ತಲೆಯಲ್ಲಿ ಇಟ್ಟುಕೊಂಡು ಆರ್‌ಎನ್‌ಎ ಓದಿಸಿ. ಯಂತ್ರ ಕೊಡುವ ಚೂರುಗಳನ್ನು ಹಂದಿಯ ಜೀನೋಮ್ ನಕ್ಷೆಗೆ ಹೊಂದಿಸಬೇಕು. ಒಂದು ತಮಾಷೆ ಕೇಳಿ: 2012ರಲ್ಲಿ ಪ್ರಕಟವಾದ ನಕ್ಷೆ ಡ್ಯುರಾಕ್ ತಳಿಯ ಒಂದು ಹೆಣ್ಣು ಹಂದಿಯದ್ದು. ಹೆಣ್ಣಿಗೆ ವೈ ಕ್ರೋಮೋಸೋಮ್ ಎಲ್ಲಿಂದ ಬರಬೇಕು? ಅದನ್ನು ಬೇರೆಯಾಗಿಯೇ ಓದಿ ಸೇರಿಸಬೇಕಾಯಿತು. ನಿಮ್ಮ ನಕ್ಷೆಯಲ್ಲಿ ವೈ ಇದೆಯೋ ಇಲ್ಲವೋ ನೋಡಿಕೊಳ್ಳಿ.

ಎಡವುವುದು ಜಾಸ್ತಿ ಇದಾದ ಮೇಲೆಯೇ. ಜೀನ್‌ಗಳ ಪಟ್ಟಿಯಲ್ಲಿ, ಸರ್ಟೋಲಿ ಕೋಶದ ಜೀನ್ ಆದ ಎಎಮ್‌ಎಚ್ ಪ್ರಾಯಕ್ಕೆ ಬರುವಾಗ ಧೊಪ್ಪನೆ ಬೀಳುತ್ತದೆ, ವೀರ್ಯಾಣುವಿನ ತಲೆಯಲ್ಲಿ ಡಿಎನ್‌ಎ ಬಿಗಿಯಾಗಿ ಸುತ್ತುವ ಪ್ರೋಟಮೀನ್ ಎಂಬ ಪ್ರೋಟೀನ್‌ನ ಜೀನ್ ಸೊನ್ನೆಯಿಂದ ಆಕಾಶಕ್ಕೆ ಏರುತ್ತದೆ. ಎಎಮ್‌ಎಚ್ ನಿಜವಾಗಿಯೂ ಕುಗ್ಗುತ್ತದೆ, ಸರಿ. ಆದರೆ ಅದರ ಜೊತೆ ಇನ್ನೊಂದು ಆಟ ನಡೆದಿರುತ್ತದೆ. ಮರಿಯ ನಾಳದ ತುಂಬ ಸರ್ಟೋಲಿ ಕೋಶಗಳೇ ಇದ್ದವು, ಬಲಿತ ಹಂದಿಯಲ್ಲಿ ವೀರ್ಯಾಣುವಾಗುವ ಕೋಶಗಳ ಸಂತೆಯಲ್ಲಿ ಅವೇ ಅಲ್ಪಸಂಖ್ಯಾತರು. ಒಂದು ಕೋಶವೂ ಬದಲಾಗದಿದ್ದರೂ ಸರ್ಟೋಲಿ ಜೀನ್‌ಗಳ ಪಾಲು ಕಡಿಮೆ ಕಾಣುತ್ತದೆ, ಅಲ್ವಾ? ಹಾಲಿಗೆ ನೀರು ಬೆರೆಸಿ ಹಸು ಕೆಟ್ಟಿತು ಅಂದ ಹಾಗೆ. ಸಾಧ್ಯವಾದರೆ ಕೋಶಗಳನ್ನು ಬಿಡಿಬಿಡಿಯಾಗಿ ಓದಿಸಿ. ಆಗದಿದ್ದರೆ ಸ್ಲೈಡ್‌ನಲ್ಲಿ ಕೋಶಗಳನ್ನಾದರೂ ಎಣಿಸಿ.

ಕೊನೆಗೆ ಪ್ರೋಟೀನ್. ಜೀನ್ ಎದ್ದಿತು ಅಂದರೆ ಪ್ರೋಟೀನ್ ಬಂದಿತು ಎಂದಲ್ಲ, ಅದರಲ್ಲೂ ವೃಷಣದಲ್ಲಿ. ವೀರ್ಯಾಣುವಿನ ತಲೆಯೊಳಗೆ ಡಿಎನ್‌ಎ ಬಿಗಿಯಾಗಿ ಸುತ್ತಿಕೊಳ್ಳುತ್ತಾ ಬಂದಂತೆ ಹೊಸ ಆರ್‌ಎನ್‌ಎ ಬರೆಯುವುದು ನಿಂತುಹೋಗುತ್ತದೆ. ಅದಕ್ಕೇ ಕೋಶ ಪ್ರೋಟಮೀನ್‌ನ ಚೀಟಿಯನ್ನು ಮೊದಲೇ ಬರೆದಿಟ್ಟುಕೊಳ್ಳುತ್ತದೆ. ಇಲಿಗಳಲ್ಲಿ ಈ ಚೀಟಿ ಸುಮಾರು ಒಂದು ವಾರ ಹಾಗೇ ಬಿದ್ದಿರುತ್ತದೆ, ಪ್ರೋಟೀನ್ ತಯಾರಾಗುವುದು ಆಮೇಲೆ. ಹಾಗಾಗಿ ಮಾಸ್ ಸ್ಪೆಕ್ಟ್ರೋಮೀಟರ್ ಅಥವಾ ವೆಸ್ಟರ್ನ್ ಬ್ಲಾಟ್‌ನಲ್ಲಿ ಪ್ರೋಟೀನ್ ಅಳೆದೇ ಮಾತಾಡಿ. ಅದು ಯಾವ ಕೋಶದಲ್ಲಿದೆ ಎಂದು ತಿಳಿಯಲು ಬುಯಿನ್‌ನಲ್ಲಿಟ್ಟ ತುಂಡನ್ನು ತೆಳುವಾಗಿ ಕೊಯ್ದು, ಆ ಪ್ರೋಟೀನ್‌ಗೆ ಅಂಟುವ ಆಂಟಿಬಾಡಿ ಹಾಕಿ. ವೀರ್ಯಾಣುವಿನ ಮೂಲ ಕೋಶಗಳಲ್ಲಿ ಇರುವ ಯುಸಿಎಚ್‌ಎಲ್1 ಎಂಬ ಪ್ರೋಟೀನ್‌ಗೆ ಹಾಕಿದರೆ ವಾರದ ಮರಿಯಲ್ಲಿ ನಡುವೆ ಕೂತ ಆ ದುಂಡನೆ ಗೋನೋಸೈಟ್‌ಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಬಲಿತ ಹಂದಿಯಲ್ಲಿ ಅದೇ ಕಂದು ನಾಳದ ಹೊರ ಅಂಚಿಗೆ ಅಂಟಿಕೊಂಡು ಕೂತಿರುತ್ತದೆ.